ಹುರುಳಿ ಕಟ್ಟಿನ ರಸಾಯನ

ಕೊಲ್ಹಾಪುರ ಜಿಲ್ಲೆಯ ಪಶ್ಚಿಮಕ್ಕೆ ಸಹ್ಯಾದ್ರಿಯ ಮಳೆ ಧೋ ಎಂದು ಸುರಿಯುತ್ತದೆ. ಪೂರ್ವಕ್ಕೆ ಸರಿದಂತೆ ಮಳೆ ತೆಳುವಾಗುತ್ತದೆ. ಹಿರಣ್ಯಕೇಶಿ ದಂಡೆಯ ಗಡಹಿಂಗ್ಲಜದ ಸುತ್ತ ಮರಾಠಿಗರು ಹುಲಗಾ ಎನ್ನುವ, ಕನ್ನಡಿಗರು ಹುರುಳಿ ಎನ್ನುವ ಕಾಳಿಗೆ ಕಡಿಮೆ ಮಳೆ, ಬಡಕಲು ಮಣ್ಣು ಇದ್ದರೂ ನಡೆಯುತ್ತದೆ. ಬಳ್ಳಾರಿ ಬಳಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಕರಕಲಾದ ಹುರುಳಿ ಕಾಳುಗಳು ಸಿಕ್ಕಿವೆ. ಅಂದರೆ 3,500 ವರ್ಷಕ್ಕೂ ಹಿಂದಿನಿಂದ ಈ ಸೀಮೆಯವರು ಇದನ್ನು ಉಣ್ಣುತ್ತಿದ್ದಾರೆ.

ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್, 57 ಗ್ರಾಂ ಪಿಷ್ಟ ಮತ್ತು ಸಕ್ಕರೆ, 280 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಕೊಬ್ಬು ಅರ್ಧ ಗ್ರಾಂ ಮಾತ್ರ. ಜೋಳದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಅಮೈನೋ ಆಮ್ಲ ಹುರುಳಿಯಲ್ಲಿ ಧಾರಾಳ. ಹುರುಳಿಯಲ್ಲಿ ಕೊರತೆಯಾಗುವ ಮೆಥಿಯೋನಿನ್ ಜೋಳದಿಂದ ಬರುತ್ತದೆ. ಜೋಳದ ರೊಟ್ಟಿಯ ಜೊತೆ ಹುರುಳಿ ಉಸಳಿ ಉಂಡವರಿಗೆ ಎರಡೂ ದಕ್ಕುತ್ತವೆ.

ಆದರೆ ಕಾಳು ಸುಲಭಕ್ಕೆ ಬಗ್ಗುವುದಿಲ್ಲ. ಟ್ಯಾನಿನ್ ತುಂಬಿದ ಕಂದು ಸಿಪ್ಪೆ ನೀರನ್ನು ನಿಧಾನವಾಗಿ ಒಳಗೆ ಬಿಡುತ್ತದೆ. ಹಾಗಾಗಿ ರಾತ್ರಿಯಿಡೀ ನೆನೆಸಬೇಕು. ಹೊಟ್ಟೆಯಲ್ಲಿ ವಾಯು ಎಬ್ಬಿಸುವ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳಲ್ಲಿ ಒಂದು ಪಾಲು ಆ ನೀರಿಗೆ ಇಳಿಯುತ್ತದೆ. ಅದನ್ನು ಬಸಿದು ಚೆಲ್ಲುವುದೇ ಸರಿ.

ಇದಕ್ಕಿಂತ ಗಟ್ಟಿ ಎದುರಾಳಿ ಒಳಗಿದೆ. ಪ್ರೋಟೀನ್ ಜೀರ್ಣಿಸುವ ನಮ್ಮ ಟ್ರಿಪ್ಸಿನ್, ಕೈಮೋಟ್ರಿಪ್ಸಿನ್ ಎಂಬ ಎರಡೂ ಕಿಣ್ವಗಳನ್ನು ಒಮ್ಮೆಗೇ ಹಿಡಿದು ನಿಲ್ಲಿಸುವ ಪುಟ್ಟ ಪ್ರೋಟೀನ್ ಹುರುಳಿಯಲ್ಲಿದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಲಲಿತಾ ಗೌಡ ಮತ್ತು ಸಂಗಡಿಗರು 1997ರಲ್ಲಿ ಇದನ್ನು ಬೇರ್ಪಡಿಸಿ ವಿವರಿಸಿದರು. ಅದರ ಎಳೆಯನ್ನು ಏಳು ಗಂಧಕದ ಕೊಂಡಿಗಳು ಬಿಗಿದಿವೆ. ಅದಕ್ಕೇ ಬಿಸಿಗೂ ಅದು ಬೇಗ ಸಡಿಲುವುದಿಲ್ಲ. ಮೊಳಕೆ ಬರುವಾಗ ಮಾತ್ರ ಕಾಳು ತನ್ನದೇ ಕಿಣ್ವಗಳಿಂದ ಅದರ ತುದಿಗಳನ್ನು ಕತ್ತರಿಸುತ್ತದೆ. ಅದೇ ಹೊತ್ತಿಗೆ ವಾಯುವಿನ ಸಕ್ಕರೆಗಳನ್ನೂ ಶಕ್ತಿಗಾಗಿ ತಿಂದು ಮುಗಿಸುತ್ತದೆ. ಕಬ್ಬಿಣವನ್ನು ಕಟ್ಟಿಹಾಕುವ ಫೈಟಿಕ್ ಆಮ್ಲವೂ ತಗ್ಗುತ್ತದೆ. ಕೊಲ್ಹಾಪುರ, ಇಚಲಕರಂಜಿಯ ಮಿಸಳ್ ಅಂಗಡಿಗಳಲ್ಲಿ ಮಟಕಿಗೆ, ಅಂದರೆ ಮಡಿಕೆ ಕಾಳಿಗೆ, ಮೊಳಕೆ ಬರಿಸುವುದರಿಂದಲೂ ಇಂಥದೇ ಲಾಭವಿದೆ.

ಹುರುಳಿಯಲ್ಲಿ ಇನ್ನೊಂದು ವಿಚಿತ್ರ ಪ್ರೋಟೀನ್ ಇದೆ, ಲೆಕ್ಟಿನ್. 'ಎ' ಗುಂಪಿನ ರಕ್ತಕಣಗಳನ್ನು ಅದು ಒಂದಕ್ಕೊಂದು ಅಂಟಿಸುತ್ತದೆ. 1951ರಲ್ಲಿ ವಿಜ್ಞಾನಿ ಜಿ.ಡಬ್ಲ್ಯು.ಜಿ. ಬರ್ಡ್ ಇದನ್ನು ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. 'ಎ1' ಮತ್ತು 'ಎ2' ಉಪಗುಂಪುಗಳನ್ನು ಬೇರ್ಪಡಿಸಲು ರಕ್ತನಿಧಿಗಳು ಇಂದಿಗೂ ಈ ಕಾಳಿನ ಸಾರವನ್ನು ಬಳಸುತ್ತವೆ. ಚೆನ್ನಾಗಿ ಕುದಿಸಿದರೆ ಲೆಕ್ಟಿನ್ ಕೆಲಸ ಕಳೆದುಕೊಳ್ಳುತ್ತದೆ. ಅದಕ್ಕೇ ಹಸಿ ಕಾಳು ತಿನ್ನಬಾರದು.

ಕುದಿಸಿದರಷ್ಟೇ ಸಾಲದ ಕಾಳೂ ಇದೆ. ಹುರುಳಿಯ ದೂರದ ನೆಂಟ ಲ್ಯೂಪಿನ್ ಯುರೋಪಿನ ಮೆಡಿಟರೇನಿಯನ್ ತೀರದಲ್ಲೂ ಆಂಡೀಸ್ ಬೆಟ್ಟಗಳಲ್ಲೂ ಬೆಳೆಯುತ್ತದೆ. ಅದರಲ್ಲಿ ಪ್ರೋಟೀನ್ 35ರಿಂದ 40 ಪ್ರತಿಶತ, ಪಿಷ್ಟ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಕಹಿ ತಳಿಗಳಲ್ಲಿ ಕ್ಷಾರಾಭಗಳೆಂಬ ವಿಷ ತುಂಬಿರುತ್ತದೆ. ಅವು ನೀರಿನಲ್ಲಿ ಕರಗುತ್ತವೆ, ಹಾಗಾಗಿ ಆಂಡೀಸ್‌ನ ಜನ ಕಾಳು ಬೇಯಿಸಿ, ದಿನಗಟ್ಟಲೆ ಹರಿಯುವ ನೀರಿನಲ್ಲಿ ನೆನೆಸುತ್ತಾರೆ. ಅಲ್ಲಿ ನೀರು ಚೆಲ್ಲಲೇಬೇಕು. ಹುರುಳಿಯಲ್ಲಿ ಹಾಗಲ್ಲ. ನೆನೆಸಿದ ನೀರು ಚೆಲ್ಲಿದರೂ ಬೇಯಿಸಿದ ನೀರು, ಅಂದರೆ ಕಟ್ಟು, ಉಳಿಯಬೇಕು. ಕರಗಿದ ಖನಿಜ ಮತ್ತು ರುಚಿ ಅದರಲ್ಲೇ ಇರುವುದು.

ಬೇಯಿಸುವವರಿಗೆ ಒಂದು ಮಾತು. ಹುಣಸೆಹುಳಿಯನ್ನು ಕಾಳು ಮೆತ್ತಗಾದ ಮೇಲೆ ಹಾಕಿ. ಜೀವಕೋಶಗಳನ್ನು ಜೋಡಿಸಿರುವ ಪೆಕ್ಟಿನ್ ಆಮ್ಲದಲ್ಲಿ ಸುಲಭವಾಗಿ ಕರಗುವುದಿಲ್ಲ. ಕೊಳವೆಬಾವಿಯ ಗಡುಸು ನೀರಿನ ಕ್ಯಾಲ್ಸಿಯಂ ಕೂಡ ಅದನ್ನು ಬಿಗಿಯಾಗಿಸುತ್ತದೆ. ಮೊದಲೇ ಹುಳಿ ಬಿದ್ದ ಕಾಳು ಬಹಳ ಹೊತ್ತು ಕುದಿಸಿದರೂ ಗಟ್ಟಿಯಾಗಿಯೇ ಉಳಿಯುವುದು ಇದರಿಂದ.