ದಾವಣಗೆರೆಯಂಥ ಪ್ರೋಟೀನ್, ಹರಿಹರದಂಥ ಪ್ರೋಟೀನ್

ದಾವಣಗೆರೆಯಿಂದ ಚನ್ನಗಿರಿ, ಜಗಳೂರು, ಹರಪನಹಳ್ಳಿ, ಚಿತ್ರದುರ್ಗ ಎಂದು ಸುತ್ತಲ ಊರುಗಳಿಗೆಲ್ಲ ನೇರ ಬಸ್ಸುಂಟು. ಪಕ್ಕದ ಹರಿಹರಕ್ಕೆ ಅಷ್ಟೊಂದು ಕವಲುಗಳಿಲ್ಲ. ಆದರೆ ರಾಣೆಬೆನ್ನೂರು, ಹುಬ್ಬಳ್ಳಿ ಕಡೆಗೆ ಹೋಗುವ ರೈಲುಗಳೂ ಹೆದ್ದಾರಿಯ ಲಾರಿಗಳೂ ತುಂಗಭದ್ರೆ ದಾಟುವುದು ಹರಿಹರದ ಹತ್ತಿರವೇ. ಅಲ್ಲಿ ಹಾದಿ ಮುಚ್ಚಿದರೆ ಎರಡೂ ದಡದವರು ದೂರದ ಸುತ್ತು ಹಾಕಬೇಕು. ಯಾವ ಊರು ಮುಖ್ಯ ಎಂದು ಕೇಳಿದರೆ ಉತ್ತರ ಎರಡು. ಜೀವಕೋಶದ ಪ್ರೋಟೀನ್‌ಗಳನ್ನೂ ವಿಜ್ಞಾನಿಗಳು ಹೀಗೆ ಎರಡು ಅಳತೆಗಳಲ್ಲಿ ತೂಗುತ್ತಾರೆ.

ಪ್ರೋಟೀನ್ ಒಂಟಿಯಾಗಿ ಕೆಲಸ ಮಾಡುವುದು ಅಪರೂಪ. ಒಂದು ಇನ್ನೊಂದಕ್ಕೆ ಅಂಟಿಕೊಂಡು ಅದನ್ನು ಚಾಲೂ ಮಾಡುತ್ತದೆ, ತಡೆಯುತ್ತದೆ, ಇಲ್ಲವೇ ನಾಶಕ್ಕೆ ಗುರುತು ಹಾಕುತ್ತದೆ. ಕೋಶ ಕ್ಯಾನ್ಸರಿನ ಹಾದಿ ಹಿಡಿಯದಂತೆ ಕಾಯುವ ಪಿ53ಗೆ ಎಂಡಿಎಂ2 ಎಂಬ ಪ್ರೋಟೀನ್ ಅಂಟುವುದು ಇಂಥದೇ ಕೆಲಸಕ್ಕೆ. ಪ್ರೋಟೀನಿಗೊಂದು ಚುಕ್ಕಿ, ಅಂಟಿಗೊಂದು ಗೆರೆ ಎಳೆಯುತ್ತ ಹೋದರೆ ಜಾಲ ಮೂಡುತ್ತದೆ. ಹೆಚ್ಚು ಗೆರೆಗಳು ಕೂಡುವ ಚುಕ್ಕಿಗೆ ಹಬ್ ಎನ್ನುತ್ತಾರೆ.

ಗೆರೆ ಇದೆಯೆಂದು ತಿಳಿಯುವುದು ಹೇಗೆ? 1989ರಲ್ಲಿ ಸ್ಟ್ಯಾನ್ಲಿ ಫೀಲ್ಡ್ಸ್ ಮತ್ತು ಓಕ್-ಕ್ಯು ಸಾಂಗ್ ಹೂಡಿದ ಉಪಾಯ ಈಗಲೂ ಬಳಕೆಯಲ್ಲಿದೆ. ಅಷ್ಟು ಸೊಗಸಾದ ಪ್ರಯೋಗಗಳು ಜೀವವಿಜ್ಞಾನದಲ್ಲಿ ಹೆಚ್ಚಿಲ್ಲ. ಯೀಸ್ಟಿನ ಗ್ಯಾಲ್4 ಎಂಬ ಪ್ರೋಟೀನಿನಲ್ಲಿ ಒಂದು ಭಾಗ ಡಿಎನ್‌ಎ ಹಿಡಿಯುತ್ತದೆ, ಇನ್ನೊಂದು ಭಾಗ ಜೀನನ್ನು ಎಬ್ಬಿಸುತ್ತದೆ. ಎರಡನ್ನೂ ಬೇರ್ಪಡಿಸಿ, ಪರೀಕ್ಷಿಸಬೇಕಾದ ಜೋಡಿಯ ಒಂದೊಂದು ಪ್ರೋಟೀನಿಗೆ ಒಂದೊಂದನ್ನು ಹೊಸೆಯುತ್ತಾರೆ. ಆ ಜೋಡಿ ಪರಸ್ಪರ ಕೂಡಿದರಷ್ಟೇ ಬೇರೆಯಾದ ಭಾಗಗಳು ಹತ್ತಿರ ಬಂದು ಜೀನ್ ಎದ್ದೇಳುತ್ತದೆ. ಆಗ, ಬೆಳೆಯಲು ಬೇಕಾದ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಇಲ್ಲದ ತಟ್ಟೆಯಲ್ಲೂ ಯೀಸ್ಟ್ ಬೆಳೆದು ಬಿಳಿ ಬೊಟ್ಟುಗಳಾಗಿ ಕಾಣುತ್ತದೆ. ಕೂಡದಿದ್ದರೆ ತಟ್ಟೆ ಖಾಲಿ.

ಇಂಥ ಮಾಹಿತಿ ಕಲೆಹಾಕಿ 2001ರಲ್ಲಿ ವಿಜ್ಞಾನಿ ಬರಾಬಾಸಿ ಮತ್ತು ಸಂಗಡಿಗರು ಯೀಸ್ಟಿನ 1870 ಪ್ರೋಟೀನ್‌ಗಳ ಜಾಲವನ್ನು ನೋಡಿದರು. ಐದು ಅಥವಾ ಅದಕ್ಕಿಂತ ಕಡಿಮೆ ಗೆರೆಗಳಿದ್ದವುಗಳಲ್ಲಿ ಶೇ. 21ರಷ್ಟು ಮಾತ್ರ, ತೆಗೆದರೆ ಯೀಸ್ಟ್ ಸಾಯುವಂಥವು. 15ಕ್ಕಿಂತ ಹೆಚ್ಚು ಗೆರೆಗಳಿದ್ದ ಕೆಲವೇ ಪ್ರೋಟೀನ್‌ಗಳಲ್ಲಿ ಈ ಪ್ರಮಾಣ ಶೇ. 62.

ಹಾಗೆಂದು ಗೆರೆ ಎಣಿಸಿ ಸುಮ್ಮನಾಗುವಂತಿಲ್ಲ. ಯೀಸ್ಟಿನೊಳಗಿಟ್ಟು ಪರೀಕ್ಷಿಸಿದಾಗ ಕೂಡುವ ಮನುಷ್ಯನ ಎರಡು ಪ್ರೋಟೀನ್‌ಗಳು ನಮ್ಮ ದೇಹದ ಬೇರೆ ಬೇರೆ ಅಂಗಗಳಲ್ಲಿದ್ದು ಒಂದನ್ನೊಂದು ಎಂದೂ ಮುಟ್ಟದೆ ಇರಬಹುದು. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್‌ನವರು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೊತೆ ಸೇರಿ 2003ರಲ್ಲಿ ಪ್ರಕಟಿಸಿದ ಮಾನವ ಪ್ರೋಟೀನ್ ಮಾಹಿತಿಕೋಶ ಎಚ್‌ಪಿಆರ್‌ಡಿಯ ಬೆಲೆ ಇಲ್ಲಿ ಗೊತ್ತಾಗುತ್ತದೆ. ಅದರಲ್ಲಿನ ಗೆರೆಗಳನ್ನು ಜೀವವಿಜ್ಞಾನಿಗಳೇ ಸಂಶೋಧನಾ ಲೇಖನಗಳನ್ನು ಓದಿ ಹೆಕ್ಕಿ ಸೇರಿಸಿದರು. 2009ರ ಹೊತ್ತಿಗೆ ಅವು 38 ಸಾವಿರ ಮೀರಿದ್ದವು. ಅಷ್ಟು ಶ್ರದ್ಧೆಯಿಂದ ಓದಿದರೂ ಒಂದು ಓರೆ ಉಳಿದೇ ಉಳಿಯುತ್ತದೆ. 1979ರಿಂದ ಗೊತ್ತಿರುವ ಪಿ53ರ ಹಿಂದೆ ಪ್ರಪಂಚದ ಪ್ರಯೋಗಾಲಯಗಳೇ ಬಿದ್ದಿವೆ. ಅದಕ್ಕೆ ಗೆರೆಗಳೂ ಹೆಚ್ಚು. ಯಾರೂ ಕೈಹಾಕದ ಪ್ರೋಟೀನ್ ನಕ್ಷೆಯಲ್ಲಿ ಬಡವಾಗಿಯೇ ಕಾಣುತ್ತದೆ.

ಗೆರೆಗಳ ಎಣಿಕೆ ಒಂದು ಅಳತೆ; ಎರಡನೆಯದು ಹೀಗೆ. ಜಾಲದ ಪ್ರತಿ ಜೋಡಿ ಚುಕ್ಕಿಗಳ ನಡುವಿನ ಅತಿ ಹತ್ತಿರದ ದಾರಿಯನ್ನು ಕಂಪ್ಯೂಟರ್ ಹುಡುಕಿ, ಅಂಥ ಎಷ್ಟು ದಾರಿಗಳು ಒಂದೊಂದು ಚುಕ್ಕಿಯನ್ನು ಹಾಯುತ್ತವೆ ಎಂದು ಲೆಕ್ಕ ಹಾಕುತ್ತದೆ. ಗೆರೆ ಕಡಿಮೆಯಿದ್ದರೂ ಎರಡು ಗುಂಪುಗಳ ನಡುವೆ ನಿಂತ ಹರಿಹರದಂಥ ಪ್ರೋಟೀನ್‌ಗಳು ಇಲ್ಲಿ ಮೇಲಕ್ಕೆ ಬರುತ್ತವೆ. ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಇವೇ.

ಔಷಧಿ ಹುಡುಕುವವರು ಇನ್ನೂ ಮುಂದಕ್ಕೆ ಹೋಗಬೇಕು. ರೋಗಾಣುವಿನ ಮುಖ್ಯ ಪ್ರೋಟೀನ್ ನಮ್ಮದನ್ನೇ ಹೋಲುತ್ತಿದ್ದರೆ ಔಷಧಿ ರೋಗಿಗೂ ಪೆಟ್ಟು ಕೊಡುತ್ತದೆ. 2008ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ರಾಮನ್, ಕಾಳಿದಾಸ್ ಯೇತೂರು, ನಾಗಸುಮಾ ಚಂದ್ರ ಅವರು ಕ್ಷಯದ ಬ್ಯಾಕ್ಟೀರಿಯಾದ ಸುಮಾರು 4 ಸಾವಿರ ಪ್ರೋಟೀನ್‌ಗಳನ್ನು ಜರಡಿಗೆ ಹಾಕಿದಾಗ, ಜಾಲದ ಲೆಕ್ಕ ಮೊದಲ ಹಂತ ಮಾತ್ರವಾಗಿತ್ತು. ಮನುಷ್ಯನ ಪ್ರೋಟೀನ್‌ಗಳನ್ನು ಹೋಲುವವನ್ನು ಬಿಟ್ಟರು. ನಮ್ಮ ಕರುಳಿನಲ್ಲಿರುವ ಉಪಕಾರಿ ಬ್ಯಾಕ್ಟೀರಿಯಾಗಳದನ್ನು ಹೋಲುವವನ್ನೂ ಬಿಟ್ಟರು. ಕೊನೆಗೆ ಉಳಿದದ್ದು 451.