ಕೀಲುವಾತ: ಮಾರ್ಗಸೂಚಿ ನಮ್ಮೂರಿಗೆ ಹೊಂದಬೇಕು

ಬೆಳಗ್ಗೆ ಎದ್ದರೆ ಬೆರಳು ಮಡಚೋಕಾಗಲ್ಲ. ಚೊಂಬು ಕೈಯಿಂದ ಜಾರುತ್ತೆ. ಗಂಟೆ ಕಳೆದರೂ ಬಿಗಿತ ಬಿಡಲ್ಲ. ಇದು ಕೀಲುವಾತ, ಅಂದ್ರೆ ರುಮಟಾಯ್ಡ್ ಆರ್ಥ್ರೈಟಿಸ್ ಇರಬಹುದು.

ಇದರ ಚಿಕಿತ್ಸೆಗೆ ಅಮೆರಿಕ, ಯುರೋಪಿನ ಮಾರ್ಗಸೂಚಿಗಳಿವೆ. ಒಳ್ಳೆಯವೇ. ಆದ್ರೆ ಇದ್ದ ಹಾಗೇ ಇಲ್ಲಿ ಬಳಸೋಕಾಗಲ್ಲ. ಅದಕ್ಕೇ ಏಷ್ಯಾ-ಪೆಸಿಫಿಕ್ ಭಾಗದ ತಜ್ಞರ ಒಕ್ಕೂಟ ಆಪ್ಲಾರ್, 2015ರಲ್ಲಿ ತನ್ನದೇ ಶಿಫಾರಸುಗಳನ್ನ ಪ್ರಕಟಿಸ್ತು.

ದೊಡ್ಡ ಕಾರಣ ಟಿಬಿ. ನಮ್ಮಲ್ಲಿ ಎಷ್ಟೋ ಜನರ ದೇಹದಲ್ಲಿ ಟಿಬಿ ರೋಗಾಣು ಸುಮ್ಮನೆ ಮಲಗಿರುತ್ತೆ. ಅದನ್ನ ಸುತ್ತುವರಿದು ಹಿಡಿದಿಡೋಕೆ ದೇಹಕ್ಕೆ ಟಿಎನ್‌ಎಫ್ ಅನ್ನೋ ಪ್ರೋಟೀನ್ ಬೇಕು. ಕೀಲುವಾತಕ್ಕೆ ಕೊಡೋ ಕೆಲವು ಬಯಾಲಾಜಿಕ್ ಇಂಜೆಕ್ಷನ್‌ಗಳು ತಡೆಯೋದು ಈ ಟಿಎನ್‌ಎಫ್ ಅನ್ನೇ! ಆಗ ಮಲಗಿದ್ದ ಟಿಬಿ ಏಳಬಹುದು. ಹಾಗಾಗಿ ಇಂಜೆಕ್ಷನ್‌ಗೆ ಮುಂಚೆ ಎದೆಯ ಎಕ್ಸ್‌ರೇ, ಟಿಬಿಗೆ ಮಾಂಟೂ ಅನ್ನೋ ಚರ್ಮದ ಪರೀಕ್ಷೆ ಅಥವಾ ಇಗ್ರಾ ಅನ್ನೋ ರಕ್ತ ಪರೀಕ್ಷೆ ಆಗಲೇಬೇಕು. ಬಿಸಿಜಿ ಲಸಿಕೆ ಹಾಕಿಸಿಕೊಂಡವರಲ್ಲಿ ಮಾಂಟೂ ಸುಳ್ಳು ಪಾಸಿಟಿವ್ ತೋರಿಸಬಹುದು, ಇಗ್ರಾಗೆ ಆ ತೊಂದರೆ ಇಲ್ಲ. ಹೆಪಟೈಟಿಸ್ ಬಿ ಕೂಡ ಹೀಗೇ ಮತ್ತೆ ಏಳಬಹುದು, ಅದರ ಪರೀಕ್ಷೆನೂ ಬಿಡಬೇಡಿ.

ಇನ್ನು ದುಡ್ಡು. ಬಯಾಲಾಜಿಕ್ ಎಲ್ಲರಿಗೂ ಎಟುಕಲ್ಲ. ಆದ್ರೆ ಧೈರ್ಯಗೆಡಬೇಡಿ. 2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಕೀಲುವಾತಕ್ಕೆ ಸಾಮಾನ್ಯವಾಗಿ ಮೊದಲು ಕೊಡೋ ಮೆಥೊಟ್ರೆಕ್ಸೇಟ್ ಸಾಲದೇ ಹೋದವರಿಗೆ ಅದರ ಜೊತೆ ಸಲ್ಫಾಸಲಜೀನ್, ಹೈಡ್ರಾಕ್ಸಿಕ್ಲೋರೋಕ್ವಿನ್ ಸೇರಿಸಿ ಕೊಟ್ಟರು. ಈ ಅಗ್ಗದ ಮಾತ್ರೆಗಳು ದುಬಾರಿ ಬಯಾಲಾಜಿಕ್ ಇಟನರ್ಸೆಪ್ಟ್‌ಗಿಂತ ಹಿಂದೆ ಬೀಳಲಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸೋದು ವೈದ್ಯರ ಔಷಧಿ ಚೀಟಿ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ನುಂಗಿ ಪ್ರಾಣ ಕಳ್ಕೊಂಡವರಿದ್ದಾರೆ. ಇಂಗ್ಲಿಷ್ ಓದೋಕೆ ಬಾರದ ಅಜ್ಜಿಗೆ ವೈದ್ಯರು "ಭಾನುವಾರ ಮಾತ್ರ" ಅಂತ ಕನ್ನಡದಲ್ಲೇ ಬರೆದುಕೊಡಲಿ. ಬರೆಯದಿದ್ದರೆ, ನೀವೇ ಕೇಳಿ ಬರೆಸಿಕೊಳ್ಳಿ.