ಹಳೆಯ ಗಾಡಿಗೆ ಹೊಸ ನೊಗ

ಬೇಸಿಗೆಯ ಒಂದು ಶನಿವಾರ ಬೆಳಿಗ್ಗೆ ಅಮೆರಿಕಾದ ಹೆದ್ದಾರಿಯೊಂದರ ಬದಿಯಲ್ಲಿ ನಿಂತು ನೋಡಿದರೆ, ಊರಿಗೆ ಊರೇ ಮನೆಗಳನ್ನು ಕಿತ್ತುಕೊಂಡು ವಲಸೆ ಹೊರಟಿದೆಯೇನೋ ಎಂಬ ಭ್ರಮೆ ಹುಟ್ಟುತ್ತದೆ. ಮೋಟಾರುಗಳ ಬೆನ್ನಿಗೆ ಒಂದೊಂದು ಬಿಳಿಯ ಮನೆ. ಅದಕ್ಕೆ ಕಿಟಕಿ, ಕಿಟಕಿಗೆ ಪರದೆ, ಒಳಗೆ ಒಲೆ, ಮಂಚ, ನೀರಿನ ತೊಟ್ಟಿ, ಬಚ್ಚಲು. ಇಂಗ್ಲಿಷಿನಲ್ಲಿ ಇದಕ್ಕೆ ಟ್ರಾವೆಲ್ ಟ್ರೇಲರ್ ಎಂದು ಹೆಸರು. 2024ರ ಬೇಸಿಗೆಯಲ್ಲಿ ನಾನೂ ನನ್ನ ತಾಯಿಯೂ ಡೆನ್ವರ್ ನಗರದಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ, ಅಮ್ಮ ಮೊದಲ ದಿನವೇ ಇದಕ್ಕೆ ‘ಗಾಲಿಮನೆ’ ಎಂದು ನಾಮಕರಣ ಮಾಡಿದರು. ಕನ್ನಡ ಎಂ.ಎ. ಮಾಡಿ ಹತ್ತು ವರ್ಷ ಪಾಠ ಹೇಳಿದ ನನಗೆ ಅದಕ್ಕಿಂತ ಒಳ್ಳೆಯ ಪದ ಹೊಳೆಯಲಿಲ್ಲ. ಇಲ್ಲಿಯೂ ಅದನ್ನೇ ಬಳಸುತ್ತೇನೆ.

ಗಾಲಿಮನೆಯ ಹುಚ್ಚು ಆ ದೇಶದಲ್ಲಿ ಇಂದು ನಿನ್ನೆಯದಲ್ಲ. ವಾಲಿ ಬಯಾಮ್ ಎಂಬಾತ 1930ರ ದಶಕದಲ್ಲಿ ಲಾಸ್ ಏಂಜಲೀಸಿನಲ್ಲಿ ಆರಂಭಿಸಿದ ಏರ್‌ಸ್ಟ್ರೀಮ್ ಸಂಸ್ಥೆಯ ಅಲ್ಯೂಮಿನಿಯಮ್ ಗಾಲಿಮನೆಗಳು, ವಿಮಾನದ ಒಡಲಿನಂತೆ ಥಳಥಳಿಸುತ್ತ ಇಂದಿಗೂ ತಯಾರಾಗುತ್ತಿವೆ. 1959ರಲ್ಲಿ ಇಂಥವುಗಳ ಒಂದು ಸಾಲು ಆಫ್ರಿಕಾದ ಕೇಪ್‌ಟೌನಿನಿಂದ ಹೊರಟು ಮರುವರ್ಷ ಕೈರೋ ತಲುಪಿತೆಂದರೆ, ಆ ಹುಚ್ಚಿನ ಆಳ ಎಷ್ಟೆಂಬುದನ್ನು ವಾಚಕರೇ ಊಹಿಸಬಹುದು.

ನಮ್ಮ ಭಾವನವರ ಹುಚ್ಚು ಅಷ್ಟು ದೊಡ್ಡದಲ್ಲ. ಅಮ್ಮನಿಗೆ ಮಂಡಿನೋವು; ಡೇರೆಯಲ್ಲಿ ಮಲಗಿ ಏಳಲಾರರು. ಹೋಟೆಲಿನ ಊಟ ಅವರಿಗೆ ಒಗ್ಗದು. ಆದರೂ ರಾಕಿ ಪರ್ವತಗಳನ್ನು ಒಮ್ಮೆ ಕಣ್ತುಂಬ ನೋಡಬೇಕೆಂಬ ಆಸೆ. ಹೀಗಿರಲು ನೆರೆಬೀದಿಯ ವೃದ್ಧ ದಂಪತಿಗಳು ತಮ್ಮ ಗಾಲಿಮನೆಯನ್ನು ಸುಲಭ ಬೆಲೆಗೆ ಮಾರುತ್ತಾರೆಂಬ ಸುದ್ದಿ ಬಂದಿತು. ಭಾವ ಕೊಂಡೇಬಿಟ್ಟರು. ಎಳೆಯಲು ಹೊಸ ವಾಹನ ಕೊಳ್ಳುವಷ್ಟು ಹಣ ಇರಲಿಲ್ಲ. ಮನೆಯಲ್ಲಿ ಇದ್ದುದು 2006ರಲ್ಲಿ ತಯಾರಾದ, ಎಂಟು ಸಿಲಿಂಡರಿನ ಒಂದು ಎಸ್‌ಯುವಿ. ಹದಿನೆಂಟು ವರ್ಷದ ಮುದಿ ಎತ್ತು.

ಎಸ್‌ಯುವಿ ಎಂದರೆ ನಮ್ಮ ಊರುಗಳಲ್ಲಿಯೂ ಈಗ ಪರಿಚಿತವಾಗಿರುವ ಎತ್ತರದ, ದೊಡ್ಡ ಒಡಲಿನ ಮೋಟಾರು. ಇಂದಿನ ಹೆಚ್ಚಿನವು ಕಾರಿನಂತೆ ಒಂದೇ ಒಡಲಾಗಿ ಬೆಸೆದವು. ಹಳೆಯವುಗಳಲ್ಲಿ ಅನೇಕವು ಲಾರಿಯ ಜಾತಿ. ಕೆಳಗೆ ಏಣಿಯಂಥ ಉಕ್ಕಿನ ಚೌಕಟ್ಟು, ಅದರ ಮೇಲೆ ಕೂರಿಸಿದ ಒಡಲು. ಎಳೆಯುವ ಕೆಲಸಕ್ಕೆ ಮುದಿಯಾದರೂ ಅವು ಯೋಗ್ಯವೆನ್ನುವುದು ಈ ಕಾರಣದಿಂದಲೇ. ಕೈಪಿಡಿಯಲ್ಲಿ ‘7,000 ಪೌಂಡು ಎಳೆಯಬಲ್ಲದು’ ಎಂದು ಅಚ್ಚಾಗಿದ್ದಿತು. ಒಂದು ಪೌಂಡೆಂದರೆ ಸುಮಾರು 450 ಗ್ರಾಂ. ಬರಿಯ ಗಾಲಿಮನೆಯ ತೂಕವೋ 3,700 ಪೌಂಡು. ‘ಇನ್ನೇನು ಯೋಚನೆ?’ ಎಂದರು ಭಾವ.

ಗಾಲಿಮನೆಯನ್ನು ಮಾರಿದ ಮುದುಕರು ಲಾರಿ ಓಡಿಸಿ ನಿವೃತ್ತರಾದವರು. ಕೀಲಿಕೈ ಕೊಡುವಾಗ ಅವರು ಹೇಳಿದ್ದು ಒಂದೇ ಮಾತು: ‘ಎಳೆಯುವುದನ್ನು ಯಾವ ಎಂಜಿನ್ನಾದರೂ ಎಳೆದೀತು. ನಿಲ್ಲಿಸುವುದು ಹೇಗೆಂದು ಮೊದಲು ನೋಡಿಕೊಳ್ಳಿ.’ ಭಾವ ನಕ್ಕರು. ಆದರೆ ಆ ಶನಿವಾರದಿಂದಲೇ ಅಂಗಿಯ ತೋಳು ಮಡಿಸಿ ಮೋಟಾರಿನ ಕೆಳಗೆ ಸೇರಿದರು. ನಾನು ಸ್ಪ್ಯಾನರು ಎತ್ತಿಕೊಡುವ ಆಳು.

ಮೊದಲು ಟೈರು. ಗಾಲಿಮನೆಯ ಟೈರುಗಳು ಸವೆಯದೆ ಹೊಸದರಂತೆಯೇ ಕಾಣುತ್ತಿದ್ದವು. ಆದರೆ ಪಕ್ಕದಲ್ಲಿ ನಾಲ್ಕು ಅಂಕೆಗಳುಂಟು. ಮೊದಲೆರಡು ವಾರ, ಕೊನೆಯೆರಡು ವರ್ಷ. ಅಲ್ಲಿ ಇದ್ದುದು 1715. ಎಂದರೆ 2015ರ ಹದಿನೇಳನೆಯ ವಾರ. ಒಂಬತ್ತು ವರ್ಷ ಬಿಸಿಲಿನಲ್ಲಿ ನಿಂತ ರಬ್ಬರು ಹೊರಗೆ ಚೆಂದ, ಒಳಗೆ ಬಿರುಕು. ನಾಲ್ಕನ್ನೂ ಬದಲಿಸಿದೆವು. ಗಾಲಿಗಳ ಬೇರಿಂಗುಗಳನ್ನು ಬಿಚ್ಚಿ ತೊಳೆದು ಹೊಸ ಗ್ರೀಸು ತುಂಬಿದೆವು.

ಮುಂದಿನದು ಶಾಖ. ಭಾರ ಎಳೆಯುವ ಮುದಿ ಮೋಟಾರಿನ ಮೊದಲನೆಯ ಶತ್ರು ಇದು. ತಾನಾಗಿ ಗೇರು ಬದಲಿಸುವ ಮೋಟಾರಿನಲ್ಲಿ ಎಂಜಿನ್ನಿನ ಬಲ ಗೇರುಪೆಟ್ಟಿಗೆಗೆ ಎಣ್ಣೆಯ ಮೂಲಕ ಹಾಯುತ್ತದೆ. ಭಾರ ಹೆಚ್ಚಿದಷ್ಟೂ, ಏರು ಹೆಚ್ಚಿದಷ್ಟೂ ಆ ಎಣ್ಣೆ ಕಾಯುತ್ತದೆ. ಕಾದು ಸೀದರೆ ಗೇರುಪೆಟ್ಟಿಗೆಗೆ ಉಳಿಗಾಲವಿಲ್ಲ. ಹೊಸ ಎಣ್ಣೆ ಕುಂಕುಮದ ನೀರಿನಂತೆ ಕೆಂಪು. ನಮ್ಮದು ಹುಣಸೆರಸದ ಬಣ್ಣಕ್ಕೆ ತಿರುಗಿದ್ದಿತು. ಅದನ್ನು ಬದಲಿಸಿ, ರೇಡಿಯೇಟರಿನ ಮುಂದೆ ಎಣ್ಣೆಗೆಂದೇ ಪ್ರತ್ಯೇಕವಾದ ಚಿಕ್ಕ ತಂಪುಜಾಲರಿಯೊಂದನ್ನು ಕಟ್ಟಿದೆವು. ರೇಡಿಯೇಟರಿನ ಎರಡು ಪ್ಲಾಸ್ಟಿಕ್ ತಲೆಗಳು ಹಳೆಯ ಬಕೆಟ್ಟಿನಂತೆ ಕಂದಿದ್ದುದರಿಂದ ಅದನ್ನೂ, ನೀರಿನ ಕೊಳವೆಗಳನ್ನೂ ಹೊಸದಾಗಿ ಹಾಕಿಸಬೇಕಾಯಿತು. ಅಕ್ಕ ಲೆಕ್ಕದ ಪುಸ್ತಕ ತೆರೆದಳು. ಭಾವ ಆ ಕಡೆ ನೋಡಲಿಲ್ಲ.

ಇನ್ನು ಬ್ರೇಕು. ಬ್ರೇಕಿನ ದ್ರವ ವರ್ಷಗಳು ಕಳೆದಂತೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದ ದ್ರವ ಬೇಗ ಕುದಿಯುತ್ತದೆ; ಉದ್ದನೆಯ ಇಳಿಜಾರಿನಲ್ಲಿ ಕುದಿದರೆ ಕಾಲಡಿಯ ಪೆಡಲು ಮೆತ್ತಗೆ ನೆಲಕ್ಕಿಳಿಯುತ್ತದೆ, ಮೋಟಾರು ನಿಲ್ಲುವುದಿಲ್ಲ. ಅದನ್ನು ಪೂರ್ತಿ ಬದಲಿಸಿದ್ದಾಯಿತು. ಗಾಲಿಮನೆಗೂ ತನ್ನದೇ ಬ್ರೇಕು ಇರುತ್ತದೆಂಬುದು ನನಗೆ ಆ ತನಕ ಗೊತ್ತಿರಲಿಲ್ಲ. ಅದರ ಗಾಲಿಗಳೊಳಗಿನ ವಿದ್ಯುದಯಸ್ಕಾಂತಗಳು, ಚಾಲಕನ ಮೊಣಕಾಲಿನ ಬಳಿ ಕೂರಿಸಿದ ಚಿಕ್ಕ ಪೆಟ್ಟಿಗೆಯ ಅಪ್ಪಣೆಯಂತೆ ಬ್ರೇಕನ್ನು ಹಿಡಿಯುತ್ತವೆ. ಪೆಟ್ಟಿಗೆಯಲ್ಲಿ ಕೈಯಿಂದ ಒತ್ತುವ ಸಣ್ಣದೊಂದು ಸನ್ನೆಯೂ ಉಂಟು. ಅದನ್ನು ಒತ್ತಿದರೆ ಗಾಲಿಮನೆ ಮಾತ್ರ ಬ್ರೇಕು ಹಿಡಿಯುತ್ತದೆ. ಅಕಸ್ಮಾತ್ ಕೊಂಡಿ ಕಳಚಿಹೋದರೆ, ತಂತಿಯೊಂದು ಗುಂಡಿಯನ್ನು ಕಿತ್ತು ಗಾಲಿಮನೆ ತನ್ನ ಬ್ಯಾಟರಿಯ ಬಲದಿಂದ ತಾನೇ ನಿಲ್ಲುವಂತೆ ಏರ್ಪಾಡು. ಕೊಂಡಿಯ ಕಬ್ಬಿಣದ ಗುಂಡಿಗೂ ಅದು ಕೂರುವ ಬಟ್ಟಲಿಗೂ ಅಳತೆ ಸರಿಹೊಂದಬೇಕು. ದೊಡ್ಡ ಬಟ್ಟಲಿನಲ್ಲಿ ಚಿಕ್ಕ ಗುಂಡಿ ಕೂತಂತೆಯೇ ಕಾಣುತ್ತದೆ. ಹಳ್ಳ ಬಂದಾಗ ಹಾರಿಬಿಡುತ್ತದೆ.

ಮೂರನೆಯ ಭಾನುವಾರ, ಪೇಟೆಯಾಚೆಯ ಬಯಲಿನ ರಸ್ತೆಯಲ್ಲಿ ಪರೀಕ್ಷೆ. ಭಾವ ಮತ್ತು ನಾನು ಇಬ್ಬರೇ. ಗಾಲಿಮನೆಯ ಹಿಂಭಾಗದಲ್ಲಿರುವ ತೊಟ್ಟಿಯ ತುಂಬ ನೀರು. ಬಾಲಕ್ಕೆ ಕಟ್ಟಿದ ಮೂರು ಸೈಕಲ್ಲು. ಹಿಂದಿನ ಬೀರುವಿನಲ್ಲಿ ಅಕ್ಕ ಇಟ್ಟ ರುಬ್ಬುವ ಗ್ರೈಂಡರು. ಗಂಟೆಗೆ ನಲವತ್ತು ಮೈಲಿಯವರೆಗೆ ಎಲ್ಲವೂ ಸೊಗಸು. ಐವತ್ತೈದು ಮುಟ್ಟಿದಾಗ ಬೆನ್ನ ಹಿಂದೆ ಯಾರೋ ಮೆಲ್ಲಗೆ ತಳ್ಳಿದಂತಾಯಿತು. ಮತ್ತೊಮ್ಮೆ, ಆ ಪಕ್ಕದಿಂದ. ಕನ್ನಡಿಯಲ್ಲಿ ನೋಡುತ್ತೇನೆ: ಗಾಲಿಮನೆ ಮೊಸಳೆಯ ಬಾಲದಂತೆ ಎಡಕ್ಕೂ ಬಲಕ್ಕೂ ಬೀಸುತ್ತಿದೆ, ಪ್ರತಿ ಬೀಸಿಗೂ ನಮ್ಮ ಮೋಟಾರಿನ ಹಿಂಭಾಗವನ್ನು ಹಿಡಿದು ಎಳೆಯುತ್ತಿದೆ. ಕಾಲು ಬ್ರೇಕಿನ ಮೇಲೆ ಹೋಗುವುದು ಸಹಜ. ಭಾವ ಹಾಗೆ ಮಾಡಲಿಲ್ಲ. ಚಕ್ರವನ್ನು ನೆಟ್ಟಗೆ ಹಿಡಿದು, ಕಾಲನ್ನು ಮೇಲೆತ್ತಿ, ಸನ್ನೆಯನ್ನು ಕೈಯಿಂದ ಒತ್ತಿದರು. ಗಾಲಿಮನೆ ಹಿಂದಕ್ಕೆ ಜಗ್ಗಿತು, ಬಿಗಿಯಾಯಿತು, ನೆಟ್ಟಗಾಯಿತು. ಬದಿಗೆ ನಿಲ್ಲಿಸಿದ ಮೇಲೆ ನಾವಿಬ್ಬರೂ ಬಹಳ ಹೊತ್ತು ಮಾತನಾಡಲಿಲ್ಲ.

‘ಬೇಡ ಕಣಯ್ಯಾ. ಅತ್ತೆಯವರನ್ನು ಇದರಲ್ಲಿ ಕೂರಿಸಿಕೊಂಡು ಬೆಟ್ಟ ಇಳಿಯುವ ಧೈರ್ಯ ನನಗಿಲ್ಲ’ ಎಂದರು ಭಾವ.

ಆಗ ನನಗೆ ನೆನಪಾದುದು ತಾತನ ಎತ್ತಿನಗಾಡಿ. ಚಿಕ್ಕಂದಿನಲ್ಲಿ ನಾವು ಹುಡುಗರೆಲ್ಲ ಗಾಡಿಯ ಹಿಂದೆ ಜೋತುಬಿದ್ದರೆ ತಾತ ಗದರಿಸುತ್ತಿದ್ದರು: ‘ಮುಂದಕ್ಕೆ ಬನ್ರೋ, ಹಿಂಭಾರ ಆಯ್ತು!’ ಭಾರ ಹಿಂದಾದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಹೆಗಲು ಬಿಟ್ಟು ಕೊರಳ ಹಗ್ಗ ಬಿಗಿಯುತ್ತದೆ. ತೀರ ಮುಂಭಾರವಾದರೆ ಎತ್ತು ಕುಸಿಯುತ್ತದೆ. ‘ಭಾವ, ಇದು ಹಿಂಭಾರ’ ಎಂದೆ. ಅವರು ಎಂಜಿನಿಯರು; ಒಂದು ಕ್ಷಣ ನನ್ನ ಮುಖ ನೋಡಿ, ತಟ್ಟನೆ ಎದ್ದು ಹೋಗಿ ಹಿಂದಿನ ಸೈಕಲ್ಲುಗಳನ್ನು ಬಿಚ್ಚತೊಡಗಿದರು.

ಇಂಗ್ಲಿಷಿನವರು ಇದನ್ನು ನಾಲಿಗೆಯ ಭಾರವೆಂದು ಕರೆಯುತ್ತಾರೆ. ನಮ್ಮ ಮೂಕಿಯೇ ಅವರ ನಾಲಿಗೆ. ಗಾಲಿಮನೆಯ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮೂಕಿಯ ಮೇಲೆ ಕೂರಬೇಕೆಂಬುದು ಅಲ್ಲಿನ ನಿಯಮ. ಲಾರಿಗಳು ತಂಗುವ ತಾಣದ ತೂಕದ ಕಟ್ಟೆಗೆ ಹೋಗಿ, ಜೊತೆಯಾಗಿ ಒಮ್ಮೆ, ಬಿಡಿಸಿ ಒಮ್ಮೆ ತೂಗಿಸಿದೆವು. ಗಾಲಿಮನೆ 4,800 ಪೌಂಡು. ಮೂಕಿಯ ಮೇಲೆ ಬರಿಯ 350. ನೂರಕ್ಕೆ ಏಳು! ನೀರನ್ನು ಚೆಲ್ಲಿದೆವು, ನಲವತ್ತು ಗ್ಯಾಲನ್ ನೀರೆಂದರೆ 330 ಪೌಂಡು ಭಾರ. ಸೈಕಲ್ಲು, ಗ್ರೈಂಡರು, ಮಡಿಸುವ ಕುರ್ಚಿಗಳು ಮನೆಯಲ್ಲಿ ಉಳಿದವು. ಉಳಿದ ಸಾಮಾನನ್ನು ಗಾಲಿಗಳ ಮುಂಭಾಗಕ್ಕೆ ಸರಿಸಿ ಮತ್ತೆ ತೂಗಿದಾಗ 4,300. ಮೂಕಿಯ ಮೇಲೆ 540.

ಆದರೆ ಮೂಕಿಯ ಭಾರ ಸರಿಹೋದಾಗ ಮುದಿ ಎತ್ತಿನ ಸೊಂಟ ಬಗ್ಗಿತು. ಹಳೆಯ ಸ್ಪ್ರಿಂಗುಗಳು ಕುಸಿದು, ಮೂತಿ ಮೇಲೆದ್ದು, ದೀಪಗಳು ಆಕಾಶ ನೋಡತೊಡಗಿದವು. ಮುಂದಿನ ಗಾಲಿ ಹಗುರವಾದರೆ ತಿರುಗಿಸುವ ಹಿಡಿತವೂ ಸಡಿಲ. ಇದಕ್ಕೆ ಹೊಸ ಸ್ಪ್ರಿಂಗುಗಳ ಜೊತೆಗೆ ಇನ್ನೊಂದು ಉಪಾಯವುಂಟು: ಕೊಂಡಿಯಿಂದ ಹಿಂದಕ್ಕೆ ಚಾಚಿದ ಎರಡು ಉಕ್ಕಿನ ಸಲಾಕಿಗಳನ್ನು ಬಿಗಿದು, ಹಿಂದಿನ ಅಚ್ಚಿನ ಮೇಲಿನ ಭಾರದ ಒಂದಂಶವನ್ನು ಮುಂದಿನ ಅಚ್ಚಿಗೂ ಗಾಲಿಮನೆಯ ಅಚ್ಚಿಗೂ ಹಂಚುವುದು. ಮೋಟಾರಿನ ಮೂತಿ ಇಳಿಯಿತು. ಬಯಲಿನ ರಸ್ತೆಯಲ್ಲಿ ಇನ್ನೊಮ್ಮೆ ಓಡಿಸಿದೆವು, ಬಾಲ ಬೀಸಲಿಲ್ಲ.

ಹೊರಡುವ ಮುನ್ನಾದಿನ ಸಂಜೆ ಭಾವ ಚಾಲಕನ ಬಾಗಿಲು ತೆರೆದು, ಅದರ ಚೌಕಟ್ಟಿಗೆ ಅಂಟಿಸಿದ ಚೀಟಿಯೊಂದನ್ನು ಕನ್ನಡಕ ಹಾಕಿಕೊಂಡು ಓದುತ್ತ ನಿಂತುಬಿಟ್ಟರು. ಜನ, ಸಾಮಾನು ಸೇರಿ ಈ ವಾಹನದ ಮೇಲೆ 1,220 ಪೌಂಡಿಗೆ ಮೀರಿ ಹೇರಬಾರದು ಎಂದು ಅದರಲ್ಲಿತ್ತು. ಎಳೆಯುವ ಶಕ್ತಿ ಬೇರೆ, ಹೊರುವ ಶಕ್ತಿ ಬೇರೆ! ಮೂಕಿಯ ಭಾರವೂ ಹೊರೆಯ ಲೆಕ್ಕಕ್ಕೇ ಸೇರುತ್ತದೆ. ಕಾಗದದ ಮೇಲೆ ಕೂಡಿಸಿದೆವು. ಮೂಕಿ 540, ಕೊಂಡಿ ಮತ್ತು ಸಲಾಕಿ 80, ಮಕ್ಕಳಿಬ್ಬರೂ ಸೇರಿ ನಾವು ಆರು ಜನ 740. ಒಟ್ಟು 1,360. ಸಲಾಕಿಗಳು ಭಾರವನ್ನು ಹಂಚುತ್ತವೆಯೇ ಹೊರತು ಚೀಟಿಯ ಮಿತಿಯನ್ನು ಹೆಚ್ಚಿಸುವುದಿಲ್ಲ. 7,000 ಎಳೆಯಬಲ್ಲದೆಂದು ಹೆಸರಾದ ಮೋಟಾರು 4,300ರ ಮುಂದೆ ಸೋತು ನಿಂತಿದ್ದಿತು.

ಒಂದು ತಿಂಗಳ ದುಡಿಮೆ, ಅಷ್ಟು ಹಣ. ‘ನೂರನಲವತ್ತು ಪೌಂಡು ತಾನೆ? ಯಾರು ನೋಡುತ್ತಾರೆ?’ ಎಂಬ ಮಾತು ಭಾವನವರ ಬಾಯಿಯವರೆಗೆ ಬಂದಿತೆಂದು ನನಗೆ ಈಗಲೂ ನಂಬಿಕೆ. ಅವರು ಆಡಲಿಲ್ಲ. ಮಕ್ಕಳು ಒಳಗೆ ಚೀಲ ತುಂಬುತ್ತಿದ್ದ ಸದ್ದು ಕೇಳುತ್ತಿತ್ತು. ಕೊನೆಗೆ ಅಕ್ಕ ಆ ಕಾಗದವನ್ನು ಎತ್ತಿಕೊಂಡು, ಪೆನ್ಸಿಲಿನಿಂದ ಎರಡು ಹೆಸರು ಹೊಡೆದುಹಾಕಿದಳು: ತನ್ನದು ಮತ್ತು ನನ್ನದು. ‘ನಾವಿಬ್ಬರೂ ನನ್ನ ಚಿಕ್ಕ ಕಾರಿನಲ್ಲಿ ಹಿಂದೆ ಬರುತ್ತೇವೆ. ಈಗ ಎಷ್ಟಾಯಿತು ನೋಡೋ’ ಎಂದಳು. 1,070. ಭಾವ ಮಾತಿಲ್ಲದೆ ಬಾಗಿಲು ಮುಚ್ಚಿದರು.

ಡೆನ್ವರ್ ಇರುವುದು 5,280 ಅಡಿಯ ಎತ್ತರದಲ್ಲಿ. ಅಲ್ಲಿಂದ ಪಶ್ಚಿಮಕ್ಕೆ ಹೆದ್ದಾರಿ ಏರುತ್ತ ಏರುತ್ತ, 1973ರಲ್ಲಿ ತೆರೆದ ಐಸೆನ್‌ಹೋವರ್ ಸುರಂಗವನ್ನು ಸುಮಾರು 11,000 ಅಡಿಯಲ್ಲಿ ಹೊಗುತ್ತದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುವುದರಿಂದ ಇಂಥ ಹಳೆಯ ಎಂಜಿನ್ನು ಸಾವಿರ ಅಡಿಗೆ ನೂರಕ್ಕೆ ಸುಮಾರು ಮೂರರಂತೆ ಬಲ ಕಳೆದುಕೊಳ್ಳುತ್ತದೆ. ಸುರಂಗದ ಬಾಯಿಗೆ ಬರುವಾಗ ಮೂರನೆಯ ಒಂದು ಭಾಗ ಸೋರಿಹೋಗಿರುತ್ತದೆ. ಭಾವ ಬಲತುದಿಯ ಸಾಲು ಹಿಡಿದು, ಲಾರಿಗಳ ಹಿಂದೆ, ಗಂಟೆಗೆ ನಲವತ್ತೈದರಲ್ಲಿ ಏರಿದರು. ಸರಸರನೆ ದಾಟಿ ಹೋದವರ ಕಡೆ ತಿರುಗಿಯೂ ನೋಡಲಿಲ್ಲ. ಹಿಂದಿನಿಂದ ನಮಗೆ ಕಾಣುತ್ತಿದ್ದುದು ಗಾಲಿಮನೆಯ ಬಿಳಿಯ ಬೆನ್ನು ಮಾತ್ರ.

ಸುರಂಗದಾಚೆ ಇಳಿಜಾರು. ಬ್ರೇಕು ಸತ್ತ ಲಾರಿಗಳು ನುಗ್ಗಿ ನಿಲ್ಲಲೆಂದು ರಸ್ತೆಯ ಪಕ್ಕದಲ್ಲಿ ಜಲ್ಲಿಯ ಏರುದಾರಿಗಳನ್ನು ಅಲ್ಲಿ ಮಾಡಿದ್ದಾರೆ. ಮುಂದಿದ್ದ ಯಾವುದೋ ಲಾರಿಯಿಂದ ಸುಟ್ಟ ವಾಸನೆ ಬಂದಿತು. ಅಕ್ಕ ಗಾಜು ಏರಿಸಲಿಲ್ಲ. ವಾಸನೆ ಯಾರದೆಂದು ತಿಳಿಯಬೇಕಾಗಿತ್ತು. ಇಂಥ ಇಳಿಜಾರಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟೇ ಕೂರಬಾರದು. ಕೆಳಗಿನ ಗೇರಿನಲ್ಲಿ ಎಂಜಿನ್ನಿನ ಹಿಡಿತಕ್ಕೆ ಬಿಟ್ಟು, ವೇಗ ಏರಿದಾಗ ಒಮ್ಮೆ ಗಟ್ಟಿಯಾಗಿ ಒತ್ತಿ ಬಿಟ್ಟುಬಿಡಬೇಕು. ಗಾಲಿಮನೆಯ ಕೆಂಪು ದೀಪಗಳು ಹೊತ್ತಿಕೊಳ್ಳುತ್ತಿದ್ದವು, ಆರುತ್ತಿದ್ದವು. ಆರಿದಾಗಲೆಲ್ಲ ಅಕ್ಕ ಉಸಿರು ಬಿಡುತ್ತಿದ್ದಳು. ಎಷ್ಟು ಬಾರಿ ಹೊತ್ತಿತೆಂದು ನಾನು ಎಣಿಸತೊಡಗಿ, ಹತ್ತೊಂಬತ್ತಕ್ಕೆ ಲೆಕ್ಕ ತಪ್ಪಿದೆ.

ಡಿಲನ್ ಜಲಾಶಯದ ದಂಡೆಯಲ್ಲಿ ನಿಲ್ಲಿಸಿದಾಗ ಮಧ್ಯಾಹ್ನವಾಗಿದ್ದಿತು. ಭಾವ ಇಳಿದವರೇ ಗಾಲಿಯಿಂದ ಗಾಲಿಗೆ ಹೋಗಿ, ಹಾವಿನ ಹುತ್ತದ ಬಳಿ ಕೈ ಚಾಚಿದಂತೆ ಮೆಲ್ಲಗೆ ಅಂಗೈಯನ್ನು ಹತ್ತಿರ ಒಯ್ದು ಶಾಖ ನೋಡಿದರು. ಎಲ್ಲವೂ ಬೆಚ್ಚಗಿದ್ದವು, ಸುಡುತ್ತಿರಲಿಲ್ಲ. ನನ್ನ ಕಡೆ ನೋಡಿ, ‘ನಿಮ್ಮ ತಾತ ಎಷ್ಟು ಓದಿದ್ದರಯ್ಯಾ?’ ಎಂದರು. ‘ಮೂರನೆಯ ತರಗತಿ’ ಎಂದೆ.

ಅಮ್ಮ ಮುಂದಿನ ಆಸನದಿಂದ ನಿಧಾನವಾಗಿ ಇಳಿದು, ಹಿಮದ ತಲೆಯ ಬೆಟ್ಟಗಳನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಗಾಲಿಮನೆಯ ಬಾಗಿಲು ತೆಗೆಸಿ ಒಳಗೆ ಹೋಗಿ, ಬೀರುಗಳನ್ನು ಒಂದೊಂದಾಗಿ ತೆರೆದು ಮುಚ್ಚಿದ ಸದ್ದು ಕೇಳಿಸಿತು.

‘ಗ್ರೈಂಡರು ಬಿಟ್ಟು ಬಂದಿರಿ, ಸರಿ. ರುಬ್ಬಿದ ಹಿಟ್ಟನ್ನಾದರೂ ತಂದಿದ್ದೀರೋ, ಅದೂ ಭಾರ ಅಂತ ಬಿಟ್ಟಿರೋ?’